ಕ್ಯಾಶ್‌ಬ್ಯಾಕ್ ಕಾರ್ಡ್: 999 ರೂ. ವಾರ್ಷಿಕ ಶುಲ್ಕ ಕೊಟ್ಟರೆ ಲಾಭವಿದೆಯೇ?

2022ರಲ್ಲಿ ಬಿಡುಗಡೆಯಾದ ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡ್‌ನ ವಾರ್ಷಿಕ ಶುಲ್ಕ 999 ರೂಪಾಯಿ. ಶೇ.18ರಷ್ಟು ಜಿಎಸ್‌ಟಿ ಸೇರಿದರೆ ಕೈಬಿಡುವುದು 1,179 ರೂಪಾಯಿ. ಆನ್‌ಲೈನ್ ಖರೀದಿಗೆ ಶೇ.5, ಅಂಗಡಿಯಲ್ಲಿ ಸ್ವೈಪ್ ಮಾಡಿದರೆ ಶೇ.1 ಕ್ಯಾಶ್‌ಬ್ಯಾಕ್ ಸಿಗುತ್ತದೆ. ಹಾಗಾಗಿ ಶುಲ್ಕ ವಾಪಸ್ ಬರಲು ಆನ್‌ಲೈನ್‌ನಲ್ಲಿ ವರ್ಷಕ್ಕೆ ಸುಮಾರು 23,600 ರೂ. ಖರ್ಚಾದರೆ ಸಾಕು. ಅಂಗಡಿಯಲ್ಲೇ ಕೊಳ್ಳುವವರು 1.18 ಲಕ್ಷ ರೂ. ಖರ್ಚು ಮಾಡಬೇಕು!

ನವಿ ಮುಂಬೈನ ನೆರೂಳದಂಥ ಕಡೆ ಬಾಡಿಗೆ ಮನೆಯಲ್ಲಿರುವ ಕನ್ನಡಿಗರು ಗಮನಿಸಬೇಕಾದ್ದು ಬೇರೆ ಇದೆ. ತಿಂಗಳ ದೊಡ್ಡ ಖರ್ಚಾದ ಮನೆ ಬಾಡಿಗೆಗೂ ಪೆಟ್ರೋಲ್‌ಗೂ ಇದರಲ್ಲಿ ಕ್ಯಾಶ್‌ಬ್ಯಾಕ್ ಇಲ್ಲ. ವರ್ಷಕ್ಕೆ 2 ಲಕ್ಷ ರೂ. ಖರ್ಚಾದರೆ ಶುಲ್ಕ ಮನ್ನಾ ಆಗುತ್ತದೆ, ನಿಜ. ಆದರೆ ಮನ್ನಾಕ್ಕಾಗಿಯೇ ಬೇಡದ್ದನ್ನು ಕೊಂಡು ಬಿಲ್ ಬಾಕಿ ಉಳಿಸಿಕೊಂಡರೆ, ತಿಂಗಳಿಗೆ ಶೇ.3ಕ್ಕೂ ಹೆಚ್ಚಿನ ಬಡ್ಡಿ ಬೀಳುತ್ತದೆ.