ತೊಗಲು ಹಾಯ್ದ ಬೆಳಕು: ಕರ್ನಾಟಕದ ಗೊಂಬೆ ಮತ್ತು ಜಾವಾದ ವಯಾಂಗ್

ಜಾವಾದ ವಯಾಂಗ್ ಕುಲಿತ್ ಗೊಂಬೆಗೆ ಎಮ್ಮೆಯ ತೊಗಲು ಬೇಕು. ಅದಕ್ಕೆ ಗಾಢ ಬಣ್ಣವನ್ನೂ ಹೊನ್ನಿನ ಲೇಪವನ್ನೂ ಕೊಡುವುದರಿಂದ, ಬೆಳಕು ನುಸುಳುವುದು ಉಳಿ ಕೊರೆದ ರಂಧ್ರಗಳಲ್ಲಿ ಮಾತ್ರ. ಪರದೆಯ ಆಚೆ ಕುಳಿತವರಿಗೆ ಕಪ್ಪು ನೆರಳು ಕಾಣುತ್ತದೆ. ಬಣ್ಣ ಕಾಣಬೇಕಾದರೆ ಗೊಂಬೆಯಾಡಿಸುವ ದಲಾಂಗನ ಕಡೆಗೇ ಹೋಗಿ ಕೂರಬೇಕು.

ಕರ್ನಾಟಕದ ಕಲಾವಿದರು ಮೇಕೆಯ ತೊಗಲನ್ನು, ಹಿಂದೆ ಜಿಂಕೆಯದನ್ನೂ, ಕೂದಲು ಹೆರೆದು ಬಿಗಿದು ಒಣಗಿಸಿ, ದೀಪ ಹಾಯುವಷ್ಟು ತೆಳುವಾಗಿಸುತ್ತಾರೆ. ಇಲ್ಲಿ ಕೆಂಪು, ಹಸಿರು ಬಣ್ಣಗಳೇ ಪರದೆಯ ಮೇಲೆ ಮೂಡುತ್ತವೆ. ರಾಮ, ಸೀತೆ, ಲಕ್ಷ್ಮಣ, ಹನುಮಂತರೆಲ್ಲ ಒಂದೇ ತೊಗಲಿನಲ್ಲಿ ಕೂಡಿರುವ ಪಟ್ಟಾಭಿಷೇಕದ ಗೊಂಬೆಯನ್ನು ಕುಣಿಸಲಾಗದು. ಅದನ್ನು ಪರದೆಗೆ ಒತ್ತಿ ಹಿಡಿದರೆ ಸಭೆಯೇ ಬೆಳಗಿ ನಿಲ್ಲುತ್ತದೆ. ನಮ್ಮ ಗೊಂಬೆಗಾರಿಕೆಯ ಹೆಚ್ಚುಗಾರಿಕೆ ಚಲನೆಗಿಂತ ಈ ಬೆಳಗುವ ಚಿತ್ರದಲ್ಲೇ ಇದೆ ಎನ್ನಬೇಕು.

ಇದನ್ನು ಚಿತ್ರಕಲೆಯಾಗಿ ನೋಡಿದವರಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾವ್ ಮುಖ್ಯರು. ಅವರ ಶ್ರಮದಿಂದ ಬೆಂಗಳೂರಿನಲ್ಲಿ ದೊಡ್ಡ ಸಂಗ್ರಹವೊಂದು ಉಳಿಯಿತು. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಸಾಗಿದರೆ ಸಿಗುವ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲೂ ತೊಗಲುಗೊಂಬೆಗಳಿವೆ. ಆದರೆ ಎಲ್ಲಿಯೇ ಆಗಲಿ, ಇಂಥ ಗೊಂಬೆಯನ್ನು ಗೋಡೆಗೆ ತಗುಲಿಸಿ ಮುಂದಿನಿಂದ ಬೆಳಕು ಬಿಟ್ಟರೆ ಹೆರೆದ ಕೈಯ ಕೆಲಸ ಕಾಣುವುದೇ ಇಲ್ಲ. ಹಿಂದಿನಿಂದ ಒಂದು ದೀಪ ಇಡಲೇಬೇಕು.

ನಮ್ಮಲ್ಲಿ ಈ ಗೊಂಬೆಯಾಟ ಕಟ್ಟುವವರು ಕಿಳ್ಳೇಕ್ಯಾತ ಸಮುದಾಯದವರು, ಅಂದರೆ ಶಿಳ್ಳೇಕ್ಯಾತರು. ಮನೆಯೊಳಗೆ ಮರಾಠಿಯ ಒಂದು ಬಗೆ, ಪರದೆಯ ಹಿಂದೆ ಕನ್ನಡ. ಕಿಳ್ಳೇಕ್ಯಾತ ಆಟದ ಹಾಸ್ಯಗಾರನ ಹೆಸರೂ ಹೌದು. ಹೆಂಡತಿ ಬಂಗಾರಕ್ಕನೊಡನೆ ಬಂದು ಅವನು ಆಡುವ ಒರಟು ಮಾತು ದೇವರ ಕಥೆಯನ್ನು ಊರ ಜಗುಲಿಗೆ ಇಳಿಸುತ್ತದೆ. ಜಾವಾದಲ್ಲಿ ಸೆಮಾರ್ ಮತ್ತು ಅವನ ಮಕ್ಕಳು ಮಾಡುವ ಕೆಲಸವೂ ಇದೇ, ಆದರೆ ಸೆಮಾರ್ ಸೇವಕನ ವೇಷದ ದೈವ. ಮಳೆ ಹೋದಾಗ ನಮ್ಮ ಹಳ್ಳಿಗಳು ಗೊಂಬೆಯಾಟ ಆಡಿಸುತ್ತಿದ್ದವು. ಕೆಡುಕು ಕಳೆಯಲು ಜಾವಾದವರು 'ರುವತಾನ್' ಆಟ ಆಡಿಸುತ್ತಾರೆ.

ವಯಾಂಗ್‌ನಲ್ಲಿ ದಲಾಂಗನೊಬ್ಬನೇ ರಾತ್ರಿಯಿಡೀ ಎಲ್ಲ ಪಾತ್ರಗಳಿಗೂ ದನಿಯಾಗುತ್ತಾನೆ. ಇಲ್ಲಿ ಮೇಳವೆಂದರೆ ಸಂಸಾರ: ಗಂಡಸರ ಜೊತೆ ಹೆಂಗಸರೂ ಹಾಡುತ್ತಾರೆ, ಮಾತಾಡುತ್ತಾರೆ. ಅಧ್ಯಯನಗಳಲ್ಲಿ ಗೊಂಬೆಗೆ ಸಂದ ಗಮನ ಆ ಹೆಣ್ಣುದನಿಗೆ ಸಂದದ್ದು ಕಡಿಮೆ. ಅದಕ್ಕೇ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಸಂದ ಪದ್ಮಶ್ರೀಗೆ ವಿಶೇಷ ತೂಕವಿದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅದೇ ಪರದೆಗೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದರು. ಅವರು 2023ರಲ್ಲಿ ತೀರಿಕೊಂಡರು. ವಯಾಂಗ್‌ಗೆ 2003ರಲ್ಲೇ ಯುನೆಸ್ಕೋ ಮನ್ನಣೆ ದೊರೆತಿದೆ. ನಮ್ಮಲ್ಲಿ ಹಿರಿಯರ ಹಾಡು, ಮಾತು, ತೊಗಲು ಹದಮಾಡುವ ಕ್ರಮ ಇವನ್ನು ಅವರ ಬಾಯಿಂದಲೇ ದಾಖಲಿಸುವ ಕೆಲಸ ಈಗಲೇ ನಡೆಯಬೇಕು.