ಉಂಗುರಬೆರಳು ಹೇಳಿದ್ದೆಷ್ಟು, ನಾವು ಹೇಳಿಸಿದ್ದೆಷ್ಟು?

ಅಳತೆಯ ಚರಿತ್ರೆ | ಕಂತು 9

ಒಂದು ಕ್ಷಣ ಸ್ಕ್ರೋಲ್ ಮಾಡೋದು ನಿಲ್ಲಿಸಿ, ನಿಮ್ಮ ಬಲಗೈ ನೋಡ್ಕೊಳ್ಳಿ. ತೋರುಬೆರಳು ಉದ್ದವೋ, ಉಂಗುರಬೆರಳು ಉದ್ದವೋ?

ನೋಡಿದ್ರಾ? ಈಗ ಲೆಕ್ಕ. ಬುಡದ ಗೆರೆಯಿಂದ ತುದಿಯವರೆಗೆ ಎರಡೂ ಬೆರಳು ಅಳೆದು, ತೋರುಬೆರಳಿನ ಉದ್ದವನ್ನು ಉಂಗುರಬೆರಳಿನ ಉದ್ದದಿಂದ ಭಾಗಿಸಿ. 70 ಮಿಲಿಮೀಟರ್ ಮತ್ತು 73 ಮಿಲಿಮೀಟರ್ ಇದ್ದರೆ ಉತ್ತರ ಸುಮಾರು 0.96. ಸರಾಸರಿ ತೆಗೆದರೆ ಗಂಡಸರಲ್ಲಿ ಈ ಸಂಖ್ಯೆ ಹೆಂಗಸರಿಗಿಂತ ಸ್ವಲ್ಪ ಕಡಿಮೆ. ಈ ‘ಸ್ವಲ್ಪ’ದ ಮೇಲೆ ಸಾವಿರಕ್ಕೂ ಹೆಚ್ಚು ಸಂಶೋಧನಾ ಲೇಖನಗಳು ಬಂದಿವೆ!

ಹೋದ ಕಂತಿನಲ್ಲಿ ರಿಸ್ಲೆ ಸಾಹೇಬರು ಮೂಗು ಅಳೆದು ಜಾತಿಯ ಮೇಲು ಕೀಳು ನಿರ್ಧರಿಸಲು ಹೊರಟ ಕಥೆ ಹೇಳಿದ್ದೆ. ಬೆರಳಿನ ಕಥೆ ಶುರುವಾಗೋದೂ ಅದೇ ಶತಮಾನದಲ್ಲಿ. 1875ರಲ್ಲಿ ಜರ್ಮನಿಯ ಅಂಗರಚನಾ ವಿಜ್ಞಾನಿ ಅಲೆಕ್ಸಾಂಡರ್ ಎಕ್ಕರ್ ಈ ಎರಡು ಬೆರಳುಗಳ ವ್ಯತ್ಯಾಸದ ಬಗ್ಗೆ ಬರೆದರು. ಆಮೇಲೆ ನೂರು ವರ್ಷ ಈ ವಿಷಯಕ್ಕೆ ಹೆಚ್ಚು ಬೆಲೆ ಬರಲಿಲ್ಲ.

1983ರಲ್ಲಿ ಗ್ಲೆನ್ ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಯ ಮೂಲಕ 985 ಹೆಂಗಸರಿಂದ ಉತ್ತರ ಪಡೆದರು. ಬೆರಳು ಅಳೆದುಕೊಂಡವರೂ ಅವರೇ, ತಮ್ಮ ಸ್ವಭಾವ ಹೇಳಿಕೊಂಡವರೂ ಅವರೇ. ಉಂಗುರಬೆರಳು ಉದ್ದವಿದ್ದವರಲ್ಲಿ ‘ನಾನು ಗಟ್ಟಿಗಿತ್ತಿ’ ಅಂದವರು ಹೆಚ್ಚಂತೆ.

ನಿಜವಾದ ಅಲೆ ಎದ್ದದ್ದು 1998ರಲ್ಲಿ. ಇಂಗ್ಲೆಂಡಿನ ಜಾನ್ ಮ್ಯಾನಿಂಗ್ ಮತ್ತು ಸಂಗಡಿಗರು ಈ ಅನುಪಾತವನ್ನು ಟೆಸ್ಟೋಸ್ಟೆರಾನ್ ಜೊತೆ ಜೋಡಿಸಿದರು. ಮ್ಯಾನಿಂಗ್ ಮುಂದಿಟ್ಟ ವಾದದಲ್ಲಿ ಒಂದು ಆಸೆ ಇತ್ತು. ಬಸಿರಿನೊಳಗಿನ ಮಗುವಿಗೆ ಎಷ್ಟು ಹಾರ್ಮೋನ್ ತಾಗಿತ್ತು ಅಂತ ದೊಡ್ಡವರಾದ ಮೇಲೆ ತಿಳಿಯೋದು ಹೇಗೆ? ಅದರ ಗುರುತು ಬೆರಳಿನಲ್ಲೇ ಉಳಿದಿದ್ದರೆ ಒಂದು ಸ್ಕೇಲ್ ಸಾಕಲ್ವಾ!

ಸ್ಕೇಲ್ ಎಲ್ಲರ ಮನೆಯಲ್ಲೂ ಇತ್ತು. 2000ದಲ್ಲಿ ಕ್ಯಾಲಿಫೋರ್ನಿಯಾದ ಬೀದಿ ಜಾತ್ರೆಗಳಲ್ಲಿ 720 ಜನರ ಕೈಗಳನ್ನು ಜೆರಾಕ್ಸ್ ತೆಗೆದು, ಲೈಂಗಿಕ ಒಲವಿಗೂ ಬೆರಳಿಗೂ ನಂಟಿದೆ ಎಂದರು. 2009ರಲ್ಲಿ ಲಂಡನ್ನಿನ 44 ಷೇರುಪೇಟೆ ವ್ಯಾಪಾರಿಗಳ ಬೆರಳು ಅಳೆದು, ಉಂಗುರಬೆರಳು ಉದ್ದವಿದ್ದವರು ಹೆಚ್ಚು ದುಡ್ಡು ಮಾಡಿದರು ಎಂದರು.

ಹಾಗಾದ್ರೆ ಎಲ್ಲ ಬರೀ ಬೊಗಳೆಯಾ? ಅಲ್ಲ. 2011ರಲ್ಲಿ ಫ್ಲಾರಿಡಾದ ಇಬ್ಬರು ವಿಜ್ಞಾನಿಗಳು ಹುಟ್ಟುವ ಮುಂಚಿನ ಇಲಿಮರಿಗಳಲ್ಲಿ ಹಾರ್ಮೋನಿನ ಪ್ರಭಾವ ಬದಲಿಸಿದಾಗ ಬೆರಳಿನ ಅನುಪಾತವೂ ಬದಲಾಯಿತು. ಹಾರ್ಮೋನಿಗೆ ಓಗೊಡುವ ಗ್ರಾಹಕಗಳು ನಾಲ್ಕನೇ ಬೆರಳಿನಲ್ಲೇ ಹೆಚ್ಚು.

ಆದರೆ ಇಲಿಯಿಂದ ನಿಮ್ಮ ಕೈಗೆ ಬರೋದು ದೂರದ ದಾರಿ. ಟೆಸ್ಟೋಸ್ಟೆರಾನ್ ಇದ್ದರೂ ದೇಹ ಅದಕ್ಕೆ ಚೂರೂ ಸ್ಪಂದಿಸದ ಒಂದು ಹುಟ್ಟು ಸ್ಥಿತಿ ಇದೆ. ಬೆರಳನ್ನು ಆ ಹಾರ್ಮೋನೇ ಅಳೆದು ಕೊಡುತ್ತದೆ ಅನ್ನೋದಾದರೆ, ಆ ಹೆಣ್ಣುಮಕ್ಕಳೆಲ್ಲರ ಅನುಪಾತ ಒಂದೇ ಕಡೆ ಗುಂಪಾಗಬೇಕಿತ್ತು. 2009ರಲ್ಲಿ ಅಳೆದಾಗ, ಸರಾಸರಿ ಉಳಿದ ಹೆಂಗಸರಂತೆಯೇ ಇತ್ತು. ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವೂ ಅವರಷ್ಟೇ ಇತ್ತು. ಅಂದರೆ ಆ ವ್ಯತ್ಯಾಸದ ಬಹುಪಾಲಿಗೆ ಬೇರೆ ಕಾರಣಗಳಿವೆ. ಇನ್ನು ದೊಡ್ಡವರ ರಕ್ತದಲ್ಲಿ ಈಗ ಓಡುತ್ತಿರುವ ಹಾರ್ಮೋನಿಗೂ ಬೆರಳಿಗೂ ನಂಟು ಕಾಣುವುದಿಲ್ಲ ಅಂತ 2007ರಲ್ಲೇ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಬರೆದರು.

ಗುಂಪಿನ ಸರಾಸರಿ ಬೇರೆ, ಎದುರಿಗಿರುವ ಮನುಷ್ಯ ಬೇರೆ. ಸರಾಸರಿ ಗಂಡಸು ಸರಾಸರಿ ಹೆಂಗಸಿಗಿಂತ ಎತ್ತರ. ಹಾಗಂತ ಎತ್ತರ ನೋಡಿ ಯಾರ ಗುಣವನ್ನಾದರೂ ಹೇಳ್ತೀರಾ? ಬೆರಳಿನ ವ್ಯತ್ಯಾಸವಂತೂ ಎತ್ತರದ ವ್ಯತ್ಯಾಸಕ್ಕಿಂತಲೂ ತೀರಾ ಸಣ್ಣದು.

ಮೂಗು ಅಳೆದವರ ಕೈಯಲ್ಲೂ ಸಂಖ್ಯೆ ಇತ್ತು, ವಿಜ್ಞಾನದ ಹೆಸರೂ ಇತ್ತು. ಆ ಅಳತೆಗೆ ಸಿಕ್ಕವರು ನಮ್ಮವರೇ. ಅದಕ್ಕೇ ಕೇಳ್ತಿದ್ದೀನಿ: ‘ಉಂಗುರಬೆರಳು ಉದ್ದವಿದ್ದ ಹುಡುಗಿ ಗಂಡುಬೀರಿ’ ಅನ್ನೋ ರೀಲ್ ನಾಳೆ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುಂಚೆ ಮನೆಯಲ್ಲಿರೋ ಹುಡುಗಿಯ ಮುಖ ಒಮ್ಮೆ ನೋಡಿ.

ಅಂದಹಾಗೆ, ನಂದು 0.97. ಅದರಿಂದ ನನ್ನ ಬಗ್ಗೆ ನಿಮಗೆ ಏನು ಗೊತ್ತಾಯ್ತು? ಏನೂ ಇಲ್ಲ.

ಮುಂದಿನ ಕಂತು: 1858ರಲ್ಲಿ ಬಂಗಾಳದ ಒಬ್ಬ ಗುತ್ತಿಗೆದಾರ ಕರಾರುಪತ್ರದ ಮೇಲೆ ಒತ್ತಿದ ಅಂಗೈ ಗುರುತು.

#ಅಳತೆಯಚರಿತ್ರೆ #ವಿಜ್ಞಾನದಇತಿಹಾಸ #ಕನ್ನಡದಲ್ಲಿವಿಜ್ಞಾನ