ನೆಲ್ಸನ್ ಕೌಂಟಿಯ ಒಂದು ಪಟ್ಟಿ: ಅಮೆರಿಕದ ಗಡಿನಾಡಿನಲ್ಲಿ ರೈತನ ಆಸ್ತಿ ಇತ್ಯರ್ಥ ಮತ್ತು ಮೌಖಿಕ ನೆನಪು

ಉಯಿಲು ಬರೆಯದೆ ತೀರಿಕೊಂಡ ರೈತನ ಮನೆಯ ಪ್ರತಿಯೊಂದು ವಸ್ತುವೂ ಕೆಲಕಾಲ ಒಡೆಯನಿಲ್ಲದ ವಸ್ತುವಾಗುತ್ತದೆ. ಅದಕ್ಕೆ ಮರಳಿ ಒಡೆಯನನ್ನು ಗೊತ್ತುಮಾಡುವ ಕಾನೂನು ಕ್ರಮವೇ ಇಂಗ್ಲಿಷ್ ಪರಂಪರೆಯ ಪ್ರೊಬೇಟ್. ಕಟ್ಟುನಿಟ್ಟಾಗಿ ಹೇಳುವುದಾದರೆ ಪ್ರೊಬೇಟ್ ಎಂಬುದು ಉಯಿಲನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸುವ ವಿಧಿ. ಉಯಿಲಿಲ್ಲದವನ ಆಸ್ತಿಗೆ ನಡೆಯುವುದು ‘ಆಡಳಿತ’. ರೂಢಿಯಲ್ಲಿ ಎರಡಕ್ಕೂ ಒಂದೇ ಹೆಸರು ನಿಂತಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಪಲಾಚಿಯನ್ ಬೆಟ್ಟಸಾಲುಗಳನ್ನು ದಾಟಿ ಪಶ್ಚಿಮಕ್ಕೆ ನಡೆದ ಅಮೆರಿಕದ ಒಕ್ಕಲುಗಳು ಪತ್ರಗಳನ್ನಾಗಲಿ ದಿನಚರಿಗಳನ್ನಾಗಲಿ ಬಿಟ್ಟುಹೋದದ್ದು ಅಪರೂಪ. ಅವರಲ್ಲಿ ಅನೇಕರಿಗೆ ಓದುಬರಹವೇ ಇರಲಿಲ್ಲ. ಹೀಗಾಗಿ ಅವರ ಬದುಕಿನ ಒಳಗನ್ನು ಕಾಣಬಯಸುವವರಿಗೆ ಉಳಿದಿರುವ ಕಿಂಡಿಗಳು ಮುಖ್ಯವಾಗಿ ಎರಡು. ಒಂದು, ಕುಟುಂಬಗಳಲ್ಲಿ ಬಾಯಿಂದ ಬಾಯಿಗೆ ಸಾಗಿಬಂದ ಕಥೆಗಳು. ಇನ್ನೊಂದು, ಕೌಂಟಿ ನ್ಯಾಯಾಲಯದ ಗುಮಾಸ್ತ ಬರೆದಿಟ್ಟ ಸತ್ತವರ ಸಾಮಾನುಗಳ ಪಟ್ಟಿ. ಈ ಎರಡೂ ಒಂದೇ ಸಾವನ್ನು ಕುರಿತು ಮಾತನಾಡುವ ಸಂದರ್ಭಗಳು ವಿರಳ. ಕೆಂಟಕಿಯ ರೈತ ಕ್ಯಾಪ್ಟನ್ ಅಬ್ರಹಾಂ ಲಿಂಕನ್ ಅವನ ಆಸ್ತಿಯ ಇತ್ಯರ್ಥ ಅಂಥದೊಂದು ಸಂದರ್ಭ. ಈತನು ಅಮೆರಿಕದ ಹದಿನಾರನೆಯ ಅಧ್ಯಕ್ಷನ ಅಜ್ಜ. ಮೊಮ್ಮಗನಿಗೆ ಬಂದದ್ದು ಅಜ್ಜನ ಹೆಸರೇ.

ಕ್ಯಾಪ್ಟನ್ ಲಿಂಕನ್ ವರ್ಜೀನಿಯದ ಶೆನಂಡೋವ ಕಣಿವೆಯಲ್ಲಿ, ಲಿನ್‌ವಿಲ್ ಹಳ್ಳದ ದಂಡೆಯಲ್ಲಿ ಬೇಸಾಯ ಮಾಡಿಕೊಂಡಿದ್ದವನು. ೧೭೮೦ರಲ್ಲಿ ಆ ಹೊಲವನ್ನು ಮಾರಿ, ಕೆಂಟಕಿಯಲ್ಲಿ ೪೦೦ ಎಕರೆ ಭೂಮಿಯ ಹಕ್ಕುಪತ್ರವನ್ನು ೧೬೦ ಪೌಂಡಿಗೆ ಕೊಂಡ. ಬೆಲೆಯನ್ನು ನೋಡಿ ಬೆರಗಾಗಬೇಕಾಗಿಲ್ಲ. ಅದು ಯುದ್ಧಕಾಲದ ಕಾಗದದ ಹಣ, ದಿನದಿನಕ್ಕೂ ಕುಸಿಯುತ್ತಿದ್ದ ಹಣ. ೧೭೮೨ರ ಸುಮಾರಿಗೆ ಸಂಸಾರದೊಡನೆ ಬೆಟ್ಟ ದಾಟಿ, ಇಂದಿನ ಲೂಯಿವಿಲ್ ನಗರದ ಪೂರ್ವಕ್ಕಿರುವ ಲಾಂಗ್ ರನ್ ಎಂಬ ಹಳ್ಳದ ಬಳಿ, ಹ್ಯೂಸ್ ಸ್ಟೇಷನ್ ಎಂಬ ಮರಗೋಟೆಯ ಆಸರೆಯಲ್ಲಿ ನೆಲೆನಿಂತ. ಭೂದಾಖಲೆಗಳಲ್ಲಿ ಅವನ ಹೆಸರು ‘ಲಿಂಕ್‌ಹಾರ್ನ್’ ಎಂದೂ ಕಾಣಿಸಿಕೊಳ್ಳುತ್ತದೆ. ಕಿವಿಗೆ ಬಿದ್ದಂತೆ ಬರೆಯುತ್ತಿದ್ದ ಗುಮಾಸ್ತನ ಲೇಖನಿಯಲ್ಲಿ ಮೌಖಿಕ ಪರಂಪರೆ ನ್ಯಾಯಾಲಯದೊಳಕ್ಕೂ ನುಸುಳುತ್ತಿತ್ತು ಎಂಬುದಕ್ಕೆ ಇದು ಸಣ್ಣ ನಿದರ್ಶನ.

೧೭೮೬ರ ಮೇ ತಿಂಗಳಲ್ಲಿ ಬಿತ್ತನೆಯ ಕೆಲಸದಲ್ಲಿದ್ದಾಗ ಕಾಡಿನಂಚಿನಿಂದ ಬಂದ ಗುಂಡಿಗೆ ಅವನು ಬಲಿಯಾದ. ಮುಂದಿನದನ್ನು ಕುಟುಂಬದ ಕಥನ ಹೇಳುತ್ತದೆ. ಹಿರಿಯ ಮಗ ಮಾರ್ಡಕೈ ಗುಡಿಸಲಿಗೆ ಓಡಿ ಬಂದೂಕು ಹಿಡಿದ. ಎರಡನೆಯವನು ಜೊಸಾಯ ನೆರವಿಗಾಗಿ ಕೋಟೆಯತ್ತ ಓಡಿದ. ಎಂಟು ವರ್ಷದ ಕಿರಿಯ ಮಗ ಥಾಮಸ್ ತಂದೆಯ ಹೆಣದ ಬಳಿಯೇ ಉಳಿದ. ಅವನನ್ನು ಹಿಡಿಯಲು ಬಂದ ಇಂಡಿಯನ್ ಯೋಧನ ಎದೆಯ ಮೇಲೆ ಹೊಳೆಯುತ್ತಿದ್ದ ಬೆಳ್ಳಿಯ ಒಡವೆಗೆ ಗುರಿಯಿಟ್ಟು ಮಾರ್ಡಕೈ ಗುಂಡು ಹಾರಿಸಿದ. ಮೂವರು ಗಂಡುಮಕ್ಕಳು, ಮೂರು ಬಗೆಯ ನಡೆ, ಒಂದು ಹೊಳೆಯುವ ಗುರಿ: ಜನಪದ ಕಥನದ ಹೆಣಿಗೆ ಇಲ್ಲಿ ಸ್ಪಷ್ಟವಾಗಿದೆ. ಹಾಗೆಂದು ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಅವಸರದ ಮಾತಾಗುತ್ತದೆ. ಅಧ್ಯಕ್ಷ ಲಿಂಕನ್ ೧೮೫೪ರಲ್ಲಿ ಬಂಧುವೊಬ್ಬನಿಗೆ ಬರೆದ ಪತ್ರದಲ್ಲಿ, ತನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಅಚ್ಚೊತ್ತಿದ ಐತಿಹ್ಯ ಇದೇ ಎಂದು ಹೇಳಿಕೊಂಡಿದ್ದಾನೆ.

ಈ ಐತಿಹ್ಯದ ಇನ್ನೊಂದು ಮಗ್ಗುಲನ್ನೂ ಮರೆಯುವಂತಿಲ್ಲ. ೧೭೬೮ರ ಫೋರ್ಟ್ ಸ್ಟ್ಯಾನ್‌ವಿಕ್ಸ್ ಒಪ್ಪಂದದಲ್ಲಿ ಓಹಾಯೊ ನದಿಯ ದಕ್ಷಿಣದ ಈ ನೆಲವನ್ನು ಬಿಟ್ಟುಕೊಟ್ಟವರು ಇರಕ್ವಾ ಒಕ್ಕೂಟದವರು. ಅಲ್ಲಿ ಬೇಟೆಯಾಡುತ್ತಿದ್ದ ಶಾನಿ ಜನ ಅದಕ್ಕೆ ಒಪ್ಪಿರಲೇ ಇಲ್ಲ. ಲಾಂಗ್ ರನ್ನಿನ ಹೊಲದ ಒಡೆತನದ ಪ್ರಶ್ನೆ ರೈತನ ಸಾವಿನೊಂದಿಗೆ ಹುಟ್ಟಿದ್ದಲ್ಲ.

ಕಥೆ ಮುಗಿಯುವಲ್ಲಿ ಕಾಗದ ಆರಂಭವಾಗುತ್ತದೆ. ಆದರೆ ತಕ್ಷಣವೇ ಅಲ್ಲ. ವಿಧವೆ ಬತ್‌ಶೀಬ ತನ್ನ ಐವರು ಮಕ್ಕಳೊಡನೆ (ಮೂವರು ಗಂಡು, ಇಬ್ಬರು ಹೆಣ್ಣು) ದಕ್ಷಿಣದ ಹೆಚ್ಚು ಸುರಕ್ಷಿತವಾದ ನೆಲೆಗೆ ಹೊರಟುಹೋದಳು. ಸಾವು ಸಂಭವಿಸಿದ್ದು ಜೆಫರ್ಸನ್ ಕೌಂಟಿಯಲ್ಲಾದರೂ ಆಸ್ತಿಯ ಕಡತ ಬಾರ್ಡ್ಸ್‌ಟೌನಿನ ನೆಲ್ಸನ್ ಕೌಂಟಿ ನ್ಯಾಯಾಲಯದಲ್ಲಿರುವುದಕ್ಕೆ ಕಾರಣ ಇದೇ ಇರಬೇಕು. ದನಕರು, ಪಾತ್ರೆಪಡಗಗಳು ಸಂಸಾರದ ಜೊತೆಯಲ್ಲೇ ಹೋಗಿದ್ದವು. ೧೭೮೮ರ ಅಕ್ಟೋಬರ್ ೧೦ರಂದು, ಅಂದರೆ ಸಾವಾಗಿ ಸುಮಾರು ಎರಡೂವರೆ ವರ್ಷದ ಮೇಲೆ, ಆ ನ್ಯಾಯಾಲಯವು ಜಾನ್ ಕೋಲ್ಡ್‌ವೆಲ್ ಎಂಬವನನ್ನು ಮೃತನ ಚರಾಸ್ತಿಗೆ ಆಡಳಿತಗಾರನನ್ನಾಗಿ ನೇಮಿಸಿತು. ಅವನು ರಿಚರ್ಡ್ ಪಾರ್ಕರ್ ಎಂಬವನ ಜಾಮೀನಿನ ಮೇಲೆ ೧೦೦೦ ಪೌಂಡುಗಳ ಮುಚ್ಚಳಿಕೆ ಬರೆದುಕೊಟ್ಟ.

ಗಡಿನಾಡಿನ ಪ್ರೊಬೇಟ್ ವ್ಯವಸ್ಥೆಯ ಜೀವಾಳ ಈ ಮುಚ್ಚಳಿಕೆಯಲ್ಲಿದೆ. ಬ್ಯಾಂಕು, ಪೊಲೀಸು, ತರಬೇತಿ ಪಡೆದ ವಕೀಲರು ವಿರಳವಾಗಿದ್ದ ಊರಿನಲ್ಲಿ ಸತ್ತವನ ಸೊತ್ತನ್ನು ಪರರ ಕೈಗೊಪ್ಪಿಸಬೇಕಾದರೆ ನೆರೆಹೊರೆಯವರ ನಂಬಿಕೆಯನ್ನೇ ಹಣದ ಲೆಕ್ಕಕ್ಕೆ ಇಳಿಸಬೇಕಾಗಿತ್ತು. ಆಡಳಿತಗಾರ ಕೈತಪ್ಪಿ ನಡೆದರೆ ಅವನ ಜೊತೆಗೆ ಜಾಮೀನುದಾರನ ಹೊಲವೂ ಹೋಗುತ್ತಿತ್ತು. ಆದ್ದರಿಂದ ಜಾಮೀನುದಾರನೇ ಕಾವಲುಗಾರನಾಗುತ್ತಿದ್ದ. ಬೆಲೆ ಕಟ್ಟುವವರೂ ನೆರೆಹೊರೆಯ ಗೃಹಸ್ಥರೇ. ಪ್ರಮಾಣ ಸ್ವೀಕರಿಸಿ ಮನೆಗೆ ಬಂದು, ಕೊಟ್ಟಿಗೆ, ಒಲೆ, ಹಾಸಿಗೆ ಎಂದು ಒಂದೊಂದನ್ನೇ ನೋಡಿ ಬೆಲೆ ಹೇಳುವುದು ಅವರ ಕೆಲಸ. ಅನೇಕ ಸಂದರ್ಭಗಳಲ್ಲಿ ಅದರ ಬೆನ್ನಿಗೇ ಅಂಗಳದಲ್ಲಿ ಹರಾಜು ನಡೆಯುತ್ತಿತ್ತು. ವಿಸ್ಕಿ ಹರಿಯುವ, ಸುತ್ತಮುತ್ತಲ ಜನ ನೆರೆಯುವ ಆ ಹರಾಜುಗಳು ಒಂದು ಬಗೆಯ ಸಂತೆಗಳು. ವಿಧವೆಯೊಬ್ಬಳು ತಾನೇ ದಿನವೂ ಅಡುಗೆ ಮಾಡಿದ ಕಡಾಯಿಗೆ ಅಲ್ಲಿ ಬೆಲೆ ಕೂಗಿ ಕೊಂಡುಕೊಳ್ಳುವುದು ಆ ಕಾಲದ ಹರಾಜು ಪಟ್ಟಿಗಳಲ್ಲಿ ಮತ್ತೆಮತ್ತೆ ಕಾಣಸಿಗುವ ಸಂಗತಿ. ಮನೆಯನ್ನು ನಡೆಸಿದವಳು ಅವಳಾದರೂ ಕಾನೂನಿನ ಕಣ್ಣಿಗೆ ಕಡಾಯಿ ಗಂಡನದಾಗಿತ್ತು.

ಲಿಂಕನ್ ಆಸ್ತಿಯ ಪಟ್ಟಿಗೆ ಮೂವರು ಬೆಲೆಗಾರರು ೧೭೮೯ರ ಮಾರ್ಚ್ ೧೦ರಂದು ಸಹಿ ಹಾಕಿದರು. ಕೆಂಗಂದು ಬಣ್ಣದ ಒಂದು ಕುದುರೆ ೮ ಪೌಂಡು. ಕಪ್ಪು ಕುದುರೆ ೯ ಪೌಂಡು ೧೦ ಶಿಲ್ಲಿಂಗು. ಕೆಂಪು ಹಸು, ಕರು ಸೇರಿ ೪ ಪೌಂಡು ೧೦ ಶಿಲ್ಲಿಂಗು. ಇನ್ನಷ್ಟು ಹಸುಕರುಗಳು, ನೇಗಿಲು ಮತ್ತು ಅದರ ಸಲಕರಣೆ, ಕಳೆಗುದ್ದಲಿಗಳು, ಅಗಸೆನಾರಿನ ಚರಕ, ತವರದ ತಟ್ಟೆಗಳು, ಕಬ್ಬಿಣದ ಒಲೆಪಾತ್ರೆ, ಗರಗಸ, ಬೇರೆಬೇರೆ ಅಳತೆಯ ಬೈರಿಗೆಗಳು, ಚರ್ಮ ಹದಮಾಡುವ ಕತ್ತಿ, ಮೂರು ಬಂದೂಕುಗಳು, ಗರಿ ತುಂಬಿದ ಹಾಸಿಗೆಗಳು, ಒಂದು ಮೇಣದಬತ್ತಿಯ ಕಂಬ, ಒಂದು ಕೊಡಲಿ. ಒಟ್ಟು ಮೊತ್ತ ೬೮ ಪೌಂಡು ೧೬ ಶಿಲ್ಲಿಂಗು ೬ ಪೆನ್ಸ್. ಆರು ಶಿಲ್ಲಿಂಗಿಗೆ ಒಂದು ಡಾಲರ್ ಎಂಬ ವರ್ಜೀನಿಯದ ಲೆಕ್ಕದಲ್ಲಿ ಇದು ಸುಮಾರು ೨೨೯ ಡಾಲರ್.

ಭೌತಿಕ ಸಂಸ್ಕೃತಿಯ ಅಧ್ಯಯನಕಾರರಿಗೆ ಈ ಪಟ್ಟಿ ಒಂದು ಗಣಿ. ಎರಡು ಕುದುರೆಗಳ ಬೆಲೆಯೇ ಒಟ್ಟು ಮೊತ್ತದ ಕಾಲು ಭಾಗ. ಬೈರಿಗೆ, ಗರಗಸಗಳು ಬಡಗಿಯ ಕೈಗೆಲಸವನ್ನೂ, ಚರ್ಮದ ಕತ್ತಿ ಹದಗಾರಿಕೆಯನ್ನೂ, ಚರಕವು ಮನೆಯಲ್ಲೇ ನೂತ ನಾರುಬಟ್ಟೆಯನ್ನೂ ಸೂಚಿಸುತ್ತವೆ; ಕೊಳ್ಳುವ ಅಂಗಡಿ ದೂರವಿದ್ದ ಮನೆಯ ಲಕ್ಷಣಗಳಿವು. ಪಟ್ಟಿಯಲ್ಲಿ ಗುಲಾಮರ ಹೆಸರಿಲ್ಲ, ಪುಸ್ತಕವೂ ಇಲ್ಲ. ಆದರೆ ಪಟ್ಟಿಯ ಮೌನವನ್ನು ಎಚ್ಚರದಿಂದ ಓದಬೇಕು. ಎರಡೂವರೆ ವರ್ಷಗಳಿಗೂ ಹೆಚ್ಚಿನ ಅಂತರದಲ್ಲಿ ಎಷ್ಟು ವಸ್ತುಗಳು ಸವೆದಿದ್ದವೋ, ಎಷ್ಟು ಕರುಗಳು ಹೊಸದಾಗಿ ಹುಟ್ಟಿದ್ದವೋ ಪಟ್ಟಿ ಹೇಳುವುದಿಲ್ಲ. ಅಂದು ಮಾರ್ಡಕೈ ಎತ್ತಿಕೊಂಡ ಬಂದೂಕು ಈ ಮೂರರಲ್ಲಿ ಒಂದಾಗಿರಬಹುದು. ಬೆಲೆಗಾರರಿಗೆ ಅದು ಬೇಕಾಗಿರಲಿಲ್ಲ. ಅವರು ಬಂದೂಕಿಗೆ ಬೆಲೆ ಬರೆದರು, ಕಥೆಗಲ್ಲ.

ಪಟ್ಟಿಯಲ್ಲಿ ಇಲ್ಲದಿರುವ ಬಹುಮುಖ್ಯ ಸಂಗತಿ ಭೂಮಿ. ಕ್ಯಾಪ್ಟನ್ ಲಿಂಕನ್ ಕೆಂಟಕಿಯಲ್ಲಿ ಹಕ್ಕು ಸ್ಥಾಪಿಸಿದ ಒಟ್ಟು ನೆಲ ಐದು ಸಾವಿರ ಎಕರೆಗೂ ಮಿಕ್ಕಿದ್ದೆಂದು ಸಂಶೋಧಕರು ಎಣಿಸಿದ್ದಾರೆ. ಅಂಥವನ ಮನೆಯ ಸಾಮಾನು ೬೮ ಪೌಂಡು! ಆಡಳಿತಗಾರನ ಅಧಿಕಾರ ಚರಾಸ್ತಿಗೆ ಸೀಮಿತವಾಗಿತ್ತು. ಭೂಮಿ ನ್ಯಾಯಾಲಯದ ಪಟ್ಟಿಗೆ ಬರದೆ ನೇರವಾಗಿ ವಾರಸುದಾರನಿಗೆ ಇಳಿಯುತ್ತಿತ್ತು. ಚರಾಸ್ತಿಯಲ್ಲಿ ಸಾಲ ಕಳೆದು ಉಳಿದದ್ದರ ಮೂರನೆಯ ಒಂದು ಪಾಲು ವಿಧವೆಗೆ, ಮಿಕ್ಕದ್ದು ಮಕ್ಕಳಿಗೆ ಸಮನಾಗಿ. ಸಾಲವೇ ಇರಲಿಲ್ಲವೆಂದು ಭಾವಿಸಿದರೂ ಒಬ್ಬೊಬ್ಬ ಮಗುವಿನ ಪಾಲು ಸುಮಾರು ೯ ಪೌಂಡು, ಆ ಕಪ್ಪು ಕುದುರೆಯ ಬೆಲೆಗಿಂತಲೂ ಕಡಿಮೆ.

ಭೂಮಿಯ ವಾರಸಿಕೆಯಲ್ಲಿ ಈ ಸಮಾನತೆ ಇರಲಿಲ್ಲ. ಕೆಂಟಕಿ ಪ್ರತ್ಯೇಕ ರಾಜ್ಯವಾದದ್ದು ೧೭೯೨ರಲ್ಲಿ. ಅಲ್ಲಿಯವರೆಗೆ ಅದು ವರ್ಜೀನಿಯದ ಭಾಗ. ವರ್ಜೀನಿಯದಲ್ಲಿ ಉಯಿಲಿಲ್ಲದೆ ಸತ್ತವನ ಭೂಮಿ ಹಳೆಯ ಇಂಗ್ಲಿಷ್ ಕಟ್ಟಳೆಯಂತೆ ಹಿರಿಯ ಮಗನೊಬ್ಬನಿಗೇ ಸಲ್ಲುತ್ತಿತ್ತು. ವಿಧವೆಗೆ ಮೂರನೆಯ ಒಂದು ಭಾಗದಲ್ಲಿ ಬದುಕಿರುವಷ್ಟು ಕಾಲ ಅನುಭೋಗದ ಹಕ್ಕು ಮಾತ್ರ. ಥಾಮಸ್ ಜೆಫರ್ಸನ್ ಈ ಜ್ಯೇಷ್ಠಾಧಿಕಾರವನ್ನು ತೊಡೆದುಹಾಕುವ ಮಸೂದೆಯನ್ನು ರೂಪಿಸಿದ್ದ. ಜೇಮ್ಸ್ ಮ್ಯಾಡಿಸನ್ನನ ಪ್ರಯತ್ನದಿಂದ ೧೭೮೫ರಲ್ಲಿ ಅದು ಶಾಸನವಾಯಿತು. ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲ ಮಕ್ಕಳಿಗೂ ಸಮಪಾಲು ಎಂಬುದು ಅದರ ತಿರುಳು. ಆದರೆ ಅದು ಜಾರಿಗೆ ಬಂದದ್ದು ೧೭೮೭ರ ಜನವರಿ ೧ರಿಂದ. ಲಾಂಗ್ ರನ್ನಿನ ಗುಂಡು ಹಾರಿದ್ದು ಅದಕ್ಕೆ ಏಳೆಂಟು ತಿಂಗಳು ಮೊದಲು. ಥಾಮಸ್ ಲಿಂಕನ್ ಪಾಲಿಗೆ ಇಷ್ಟು ತಿಂಗಳುಗಳ ಅಂತರ ಸಾವಿರ ಎಕರೆಯ ಅಂತರವಾಯಿತು. ಮಾರ್ಡಕೈ ನ್ಯಾಯಬದ್ಧ ವಾರಸುದಾರನಾದ.

ಸಾವಿನ ವರ್ಷದ ಬಗೆಗಿನ ಚರ್ಚೆಗೆ ಮಹತ್ವ ಬಂದದ್ದು ಇದರಿಂದ. ಕುಟುಂಬದ ನೆನಪು ಅದನ್ನು ೧೭೮೪ ಎಂದು ಹೇಳುತ್ತಿತ್ತು. ಅಧ್ಯಕ್ಷನೂ ಹಾಗೆಯೇ ನಂಬಿದ್ದ. ಲೂಯಿಸ್ ವಾರೆನ್ ಮೊದಲಾದ ಸಂಶೋಧಕರು ಕೌಂಟಿ ಕಡತಗಳನ್ನು ಶೋಧಿಸಿ ೧೭೮೬ ಎಂದು ತಿದ್ದಿದರು. ವಿಶೇಷವೆಂದರೆ ಮೌಖಿಕ ಪರಂಪರೆ ಇಸವಿಯಲ್ಲಿ ತಪ್ಪಿದರೂ ಸಂಬಂಧಗಳಲ್ಲಿ ತಪ್ಪಲಿಲ್ಲ. ಕಥೆಯಲ್ಲಿ ಬಂದೂಕು ಹಿಡಿದು ಮನೆಯ ಯಜಮಾನಿಕೆ ವಹಿಸಿದವನು ಯಾರೋ, ಕಾಗದದಲ್ಲಿ ನೆಲಕ್ಕೆ ಒಡೆಯನಾದವನೂ ಅವನೇ. ಚಿಕ್ಕಪ್ಪನಿಗೇನೂ ಬಾರದಂತೆ ದೊಡ್ಡಪ್ಪ ಎಲ್ಲವನ್ನೂ ಕಬಳಿಸಿದನೆಂಬ ದಾಯಾದಿ ಮತ್ಸರದ ಕಥೆ ಈ ಮನೆತನದಲ್ಲಿ ಪ್ರಬಲವಾಗಿ ಬೆಳೆಯದಿದ್ದುದು ಕುತೂಹಲಕರ. ದೊಡ್ಡಪ್ಪ ಮಾರ್ಡಕೈ ಮನೆತನದ ಪ್ರತಿಭೆಯನ್ನೆಲ್ಲ ಹೊತ್ತುಕೊಂಡು ಓಡಿಹೋದ ಎಂದು ಅಧ್ಯಕ್ಷ ಲಿಂಕನ್ ವಿನೋದವಾಗಿ ಹೇಳುತ್ತಿದ್ದನೆಂದು ಅವನ ಒಡನಾಡಿಯೊಬ್ಬ ದಾಖಲಿಸಿದ್ದಾನೆ. ಅವನು ಪ್ರತಿಭೆಯ ಹೆಸರೆತ್ತಿದನೇ ಹೊರತು ಎಕರೆಗಳ ಹೆಸರೆತ್ತಲಿಲ್ಲ.

ಥಾಮಸ್ ಶಾಲೆಯ ಮುಖ ಕಾಣದೆ ಕೂಲಿ ಮಾಡುತ್ತ ಅಲೆದು ಬೆಳೆದನೆಂದು ಮಗನೇ ೧೮೬೦ರಲ್ಲಿ ಬರೆದಿದ್ದಾನೆ. ಈ ಚಿತ್ರಕ್ಕೆ ಜೀವನಚರಿತ್ರೆಕಾರರು ಅತಿಯಾಗಿ ಬಣ್ಣ ಹಚ್ಚಿದ್ದಾರೆಂದೇ ಹೇಳಬೇಕು. ೧೮೦೩ರಲ್ಲಿ, ೨೫ರ ಹರೆಯದಲ್ಲಿ, ಅವನು ಹಾರ್ಡಿನ್ ಕೌಂಟಿಯಲ್ಲಿ ೨೩೮ ಎಕರೆಯನ್ನು ೧೧೮ ಪೌಂಡು ಕೊಟ್ಟು ಕೊಂಡಿದ್ದಾನೆ. ಅವನನ್ನು ಕಾಡಿದ್ದು ಬಡತನಕ್ಕಿಂತ ಹೆಚ್ಚಾಗಿ ಕೆಂಟಕಿಯ ಭೂಹಕ್ಕುಗಳ ಗೊಂದಲ. ಮರ, ಬಂಡೆ, ಹಳ್ಳದ ತಿರುವುಗಳನ್ನು ಎಲ್ಲೆಯಾಗಿ ಹೇಳಿ ಮಾಡಿದ ಅಳತೆಗಳು ಒಂದರ ಮೇಲೊಂದು ಬಿದ್ದು ವ್ಯಾಜ್ಯಗಳಾದವು. ೧೮೧೬ರಲ್ಲಿ ಅವನು ಓಹಾಯೊ ನದಿ ದಾಟಿ ಇಂಡಿಯಾನಕ್ಕೆ ಹೋದದ್ದಕ್ಕೆ ಗುಲಾಮಗಿರಿ ಒಂದು ಕಾರಣ, ಭೂಹಕ್ಕಿನ ತೊಡಕು ಪ್ರಧಾನ ಕಾರಣ ಎಂಬುದು ಮಗನ ಹೇಳಿಕೆ. ನದಿಯ ಆಚೆಯ ದಡದಲ್ಲಿ ಸರ್ಕಾರವೇ ಚೌಕವಾಗಿ ಅಳೆದ ನೆಲವಿತ್ತು. ಇನ್ನೊಂದು ವ್ಯತ್ಯಾಸವೂ ಇತ್ತು. ೧೭೮೭ರ ವಾಯವ್ಯ ಪ್ರಾಂತ್ಯದ ಶಾಸನ ತನ್ನ ಎರಡನೆಯ ಪರಿಚ್ಛೇದದಲ್ಲೇ, ಉಯಿಲಿಲ್ಲದವನ ಆಸ್ತಿ ಮಕ್ಕಳಿಗೆ ಸಮಪಾಲಾಗಿ ಹೋಗಬೇಕೆಂದೂ ವಿಧವೆಯ ಮೂರನೆಯ ಒಂದು ಪಾಲು ಉಳಿಯಬೇಕೆಂದೂ ವಿಧಿಸಿತ್ತು. ಧರ್ಮಸ್ವಾತಂತ್ರ್ಯ, ಗುಲಾಮಗಿರಿಯ ನಿಷೇಧಗಳಿಗಿಂತ ಮೊದಲು ಆ ಶಾಸನ ಮಾತನಾಡಿದ್ದು ಸತ್ತ ರೈತನ ಹೊಲದ ಬಗ್ಗೆ.

ಥಾಮಸ್ ೧೮೫೧ರ ಜನವರಿಯಲ್ಲಿ ಇಲಿನಾಯ್ ರಾಜ್ಯದ ಕೋಲ್ಸ್ ಕೌಂಟಿಯಲ್ಲಿ ತೀರಿಕೊಂಡ. ಈ ಬಾರಿ ಆಸ್ತಿಯನ್ನು ಇತ್ಯರ್ಥಗೊಳಿಸಿದವನು ವಕೀಲನಾಗಿದ್ದ ಮಗ. ಅದೇ ಆಗಸ್ಟಿನಲ್ಲಿ ಅವನು ತಂದೆಯ ೮೦ ಎಕರೆಯನ್ನು ಮಲತಮ್ಮ ಜಾನ್ ಜಾನ್‌ಸ್ಟನ್‌ಗೆ ಒಂದು ಡಾಲರಿಗೆ ಬರೆದುಕೊಟ್ಟ. ಮಲತಾಯಿ ಸಾರಾಳ ವಿಧವಾಂಶಕ್ಕೆ ಒಳಪಟ್ಟು ಎಂಬ ಮಾತನ್ನು ಪತ್ರದಲ್ಲಿ ಸೇರಿಸಿದ. ಕೆಲವೇ ತಿಂಗಳಲ್ಲಿ ಜಾನ್‌ಸ್ಟನ್ ಆ ನೆಲವನ್ನು ಮಾರಿ ಬೇರೆಡೆಗೆ ಹೋಗಲು ಹೊರಟಾಗ, ನವೆಂಬರಿನಲ್ಲಿ ಅವನಿಗೆ ಕಟುವಾದ ಪತ್ರ ಬರೆದು, ತಾಯಿ ಬದುಕಿರುವವರೆಗೆ ಅವಳಿಗೆಂದು ನೆಲ ಉಳಿಯಬೇಕೆಂದು ಪಟ್ಟುಹಿಡಿದ. ೧೮೪೧ರಲ್ಲಿ ಅವನು ೨೦೦ ಡಾಲರ್ ಕೊಟ್ಟು ತಂದೆತಾಯಿಗಳಿಂದ ಕೊಂಡು, ಅವರ ಜೀವಿತಕಾಲದ ಅನುಭೋಗಕ್ಕೆ ಬಿಟ್ಟಿದ್ದ ೪೦ ಎಕರೆಯ ತುಂಡು ಆ ಹೊತ್ತಿಗೂ ಅವನ ಹೆಸರಿನಲ್ಲೇ ಇತ್ತು.